ಮಡ್ಡಿ ನೆಲದಾಗ ನೆಡುತೋಪು: ನಾವು ಮಾಡಿದ ರೀತಿ

ಬಾಗಲಕೋಟೆ ಜಿಲ್ಲೆಯಲ್ಲಿ ಅರಣ್ಯ ಅಂದರೆ ಬಹಳಷ್ಟು ಕಡೆ ಗರಸು ಮಡ್ಡಿಯೇ. ಮೇಲೆ ಗೇಣು ಮಣ್ಣು, ಕೆಳಗೆ ಕಲ್ಲು. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದರಲ್ಲೂ ಜೋರು ಮಳೆ ಸೆಪ್ಟೆಂಬರ್‌ನಲ್ಲಿ. ಇಂಥ ನೆಲದಲ್ಲಿ ಸಸಿಯ ಹಣೆಬರಹ ಜೂನ್‌ಗೆ ಮೊದಲೇ ಬರೆದಾಗಿರುತ್ತದೆ.

ಮೊದಲ ಕೆಲಸ ಗಡಿ. ಇದು ಅರಣ್ಯ ಎಂದು ಸರ್ಕಾರ ಹೊರಡಿಸಿದ ಅಧಿಸೂಚನೆ, ಅದರ ನಕಾಶೆ, ಸರ್ವೆ ನಂಬರಿನ ಉತಾರ (ಪಹಣಿ) ಮೂರನ್ನೂ ತಾಳೆ ನೋಡಿ, ಕಂದಾಯ ಇಲಾಖೆಯವರ ಜೊತೆ ಜಂಟಿ ಮೋಜಣಿ ಮಾಡಿಸಬೇಕು. ಅಳೆಯದೆ ದನ ತಡೆ ಕಂದಕ ತೋಡಿದರೆ ನಾಳೆ ಜನರ ಕಣ್ಣಿಗೆ ಅದೇ ಗಡಿ. ಆಚೆ ಉಳಿದ ಅರಣ್ಯ ಭೂಮಿಗೆ ಮರುವರ್ಷವೇ ನೇಗಿಲು ಬೀಳುತ್ತದೆ. ಕುರಿಗಾರರ ದಾರಿಯನ್ನೂ ಆಗಲೇ ಕೇಳಿಕೊಳ್ಳಬೇಕು. ಕೆರೆಗೆ ಹೋಗುವ ಹಾದಿ ಮುಚ್ಚಿದರೆ ಕಂದಕಕ್ಕೆ ಕಲ್ಲು ತುಂಬಿ ದಾಟುತ್ತಾರೆ, ಕುರಿಗೆ ನೀರು ಬೇಕೇ ಬೇಕಲ್ಲ. ದಾರಿ ಬಿಟ್ಟು, ಒಳಗಿನ ಹುಲ್ಲನ್ನು ಕೊಯ್ದು ಒಯ್ಯಲು ಗ್ರಾಮ ಅರಣ್ಯ ಸಮಿತಿಗೆ ಒಪ್ಪಿಸಿದ ಕಡೆ ಕಾವಲು ಅರ್ಧ ಹಗುರಾಯಿತು.

ನೀರಿಂಗಿಸುವ ಕಂದಕ ಫೆಬ್ರುವರಿಯೊಳಗೆ ಮುಗಿಯಬೇಕು. ಸಮಪಾತಳಿ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಗೆರೆ, ಗುರುತಿಸಲು ‘ಎ’ ಆಕಾರದ ಕಟ್ಟಿಗೆ ಚೌಕಟ್ಟು ಸಾಕು: ಎರಡು ಮೀಟರಿನ ಎರಡು ಕಾಲು, ನಡುವೆ ಅಡ್ಡಪಟ್ಟಿ, ತುದಿಯಿಂದ ಕಲ್ಲು ಕಟ್ಟಿದ ದಾರ. ದಾರ ಪಟ್ಟಿಯನ್ನು ಮುಟ್ಟಿದಲ್ಲಿ ಗೆರೆ ಹಾಕಿ, ಕಾಲು ಅದಲುಬದಲು ಮಾಡಿ ಇನ್ನೊಂದು ಗೆರೆ ಹಾಕಿ. ಎರಡರ ನಟ್ಟನಡುವೆ ದಾರ ನಿಂತರೆ ಎರಡೂ ಕಾಲು ಒಂದೇ ಮಟ್ಟ. ಗಾಳಿ ಬೀಸುವಾಗ ದಾರ ಅಲುಗಾಡಿ ಮೋಸ ಮಾಡುತ್ತದೆ, ಬೆಳಗ್ಗೆಯೇ ಈ ಕೆಲಸ ಮುಗಿಸುವುದು ಲೇಸು. ಮಟ್ಟ ತಪ್ಪಿದ ಕಂದಕದಲ್ಲಿ ನೀರೆಲ್ಲ ಒಂದು ತುದಿಗೆ ಓಡಿ, ಬದು ಒಡೆದು, ಕೆಳಗಿನ ಸಾಲನ್ನೂ ಕೊಚ್ಚುತ್ತದೆ.

ಕಂದಕದ ಅಳತೆ 4 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳ. ಒಮ್ಮೆ ತುಂಬಿದರೆ 1000 ಲೀಟರ್. ಇಟ್ಟಿಗೆ ಕಟ್ಟಿದ ಹಾಗೆ, ಮೇಲಿನ ಸಾಲಿನ ಸಂದಿಗೆ ಕೆಳಗಿನ ಸಾಲಿನ ಕಂದಕ ಬರಬೇಕು. ತೋಡಿದ ಮಣ್ಣು ಇಳಿಜಾರಿನ ಬದಿಗೆ, ಮೂರು ಅಡಿ ಬಿಟ್ಟು. ಆ ಮೂರು ಅಡಿಯ ನಡುವೆ 45 ಸೆಂ.ಮೀ. ಗುಂಡಿ, ಅದರಲ್ಲಿ ಸಸಿ. ಕಂದಕದೊಳಗೇ ನೆಟ್ಟರೆ ಮೊದಲ ಅಡ್ಡಮಳೆಗೆ ಹೂಳಿನಲ್ಲಿ ಮುಚ್ಚಿಹೋಗುತ್ತದೆ.

ಸಸಿಗೆ 8×12 ಇಂಚಿನ ಚೀಲಕ್ಕಿಂತ ಸಣ್ಣದು ಬೇಡ, ಒಂದು ವರ್ಷದ ಸಸಿಯೇ ಬೇಕು. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು, ಕೊಳೆತ ತಿಪ್ಪೆಗೊಬ್ಬರ ಒಂದು. ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಕರೆದ ಹಾಗೆ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಆರಿಸಿದ ಕೂಡಲೇ ಬಿತ್ತಬೇಕು. ಚೀಲಗಳನ್ನು ಕಾಲಕಾಲಕ್ಕೆ ಎತ್ತಿ ಜಾಗ ಬದಲಿಸದಿದ್ದರೆ ಬೇರು ತಳ ತೂರಿ ಪಾತಿಗೆ ಇಳಿಯುತ್ತದೆ. ಸಾಗಿಸುವ ದಿನ ಅದು ಹರಿದು, ಮೇಲೆ ಹಸಿರಾಗಿ ಕಾಣುವ ಸಸಿ ಹದಿನೈದು ದಿನಕ್ಕೆ ಒಣಗುತ್ತದೆ. ಮಳೆ ಸಾಲದೆ ಸತ್ತವು ಎಂದು ಬರೆದಿಟ್ಟ ಎಷ್ಟೋ ಸಸಿ ಹೀಗೆ ನರ್ಸರಿಯಲ್ಲೇ ಕೆಟ್ಟಿರುತ್ತವೆ.

ಅಂಚಿನ ಸಾಲುಗಳಿಗೆ ಹೊಂಗೆ, ಸೀತಾಫಲ: ಆಡು ಕುರಿ ಇವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಗಡಿ ಕಂದಕದ ಮಣ್ಣಿನ ಮೇಲೆ ಕತ್ತಾಳೆ. ಒಳಗೆ ಬೇವು, ಕಮರ, ಬನ್ನಿ.

ಮಿರಗದ (ಜೂನ್ ಮೊದಲ ಭಾಗದ ಮೃಗಶಿರಾ ಮಳೆಯ) ಮೊದಲ ಹನಿ ನೋಡಿ ನೆಡಲು ಓಡಬಾರದು, ಆಮೇಲೆ ವಾರಗಟ್ಟಲೆ ಮಳೆ ಬಾರದ ವರ್ಷಗಳೂ ಇಲ್ಲಿ ಇವೆ. ಗುಂಡಿಯಲ್ಲಿ ಕೈ ಹಾಕಿ, ಮೊಳದಾಳದ ಮಣ್ಣು ಉಂಡೆಯಾದರೆ ನೆಡಿ. ಹಿಂದಿನ ಸಂಜೆ ಚೀಲಕ್ಕೆ ನೀರುಣಿಸಿದರೆ ಮಣ್ಣಿನ ಹೆಂಟೆ ಒಡೆಯುವುದಿಲ್ಲ. ಚೀಲ ಸೀಳಿ ತೆಗೆದು, ಸಂಜೆ ಖಾಲಿ ಚೀಲ ಎಣಿಸಿ. ಒಯ್ದ ಸಸಿಗೂ ಚೀಲಕ್ಕೂ ಲೆಕ್ಕ ಹೊಂದದಿದ್ದರೆ ಎಲ್ಲೋ ಪ್ಲಾಸ್ಟಿಕ್ ಸಮೇತ ಹೂತಿದ್ದಾರೆ ಎಂದರ್ಥ. ಆ ಸಾಲನ್ನು ಮರುದಿನವೇ ಅಗೆದು ನೋಡಬೇಕು.

ಸತ್ತ ಸಸಿಗಳ ಜಾಗಕ್ಕೆ ಹೊಸವು ಸೆಪ್ಟೆಂಬರ್ ಮಳೆಯಲ್ಲಿ. ಎಣಿಕೆ ಅಕ್ಟೋಬರ್‌ನಲ್ಲೊಮ್ಮೆ, ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ. ನಂಬಬೇಕಾದದ್ದು ಎರಡನೆಯ ಎಣಿಕೆಯನ್ನೇ.