ಸಿಮ್ ಇಲ್ಲದ ಮೊಬೈಲ್

ನಮ್ಮ ಮಗನ ಕೈಗೆ ಮೊಬೈಲ್ ಬಂದಿದ್ದು 2020ರಲ್ಲಿ, ಶಾಲೆಗಳು ಬಾಗಿಲು ಹಾಕಿದಾಗ. ಆಗ ಅವನು ಯುಕೆಜಿ. ಆನ್‌ಲೈನ್ ಕ್ಲಾಸ್ ಅಂತ ಕೊಟ್ಟೆವು. ಕ್ಲಾಸ್ ಮುಗಿಯಿತು, ಶಾಲೆ ತೆರೆಯಿತು, ಮೊಬೈಲ್ ಮಾತ್ರ ವಾಪಸ್ ಬರಲಿಲ್ಲ.

ನಾನು ಚಿತ್ರದುರ್ಗದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಗಿರಾಕಿಗಳು ಡಿಸೈನ್ ಕಳಿಸೋದು ವಾಟ್ಸಾಪ್‌ಗೆ. "ಅಮ್ಮ, ನೀನೂ ನೋಡ್ತೀಯಲ್ಲ" ಅಂದರೆ ಏನು ಹೇಳಲಿ? ಹಬ್ಬದ ಸಮಯದಲ್ಲಿ ಕೆಲಸ ಜಾಸ್ತಿಯಾದಾಗ ಚಿಕ್ಕ ಮಗಳಿಗೆ ನಾನೇ ಮೊಬೈಲ್ ಕೊಟ್ಟು ಕೂರಿಸಿದ್ದೂ ಇದೆ. ನಮ್ಮತ್ತೆಯಂತೂ ಅದಿಲ್ಲದೆ ಅವಳಿಗೆ ಒಂದು ತುತ್ತೂ ತಿನ್ನಿಸುತ್ತಿರಲಿಲ್ಲ.

ಮೊದಲು ಗಂಟೆ ಲೆಕ್ಕ ಹಿಡಿದೆ. 2ರಿಂದ 5 ವರ್ಷದವರಿಗೆ ದಿನಕ್ಕೆ 1 ಗಂಟೆ ದಾಟಬಾರದು, 5ರಿಂದ 10ರವರಿಗೆ 2 ಗಂಟೆಯೊಳಗಿರಲಿ ಅಂತ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2021ರಲ್ಲಿ ಹೇಳಿದೆ. ಸರಿ ಅಂತ ಅಲಾರಂ ಇಟ್ಟೆ. ಅಲಾರಂ ಹೊಡೆದಾಗೆಲ್ಲ ರಂಪ. ಲಾಕ್ ಹಾಕಿದೆ. ಒಂದು ಮಧ್ಯಾಹ್ನ ನೋಡಿದರೆ, ಮಲಗಿದ್ದ ಅಪ್ಪನ ಹೆಬ್ಬೆರಳು ಹಿಡಿದು ಮೆತ್ತಗೆ ಮೊಬೈಲಿಗೆ ಒತ್ತುತ್ತಿದ್ದಾನೆ! ಬೈಯೋದೋ ನಗೋದೋ ಗೊತ್ತಾಗಲಿಲ್ಲ.

ಆಮೇಲೆ ಒಂದು ವಾರ ಸುಮ್ನೆ ಪಕ್ಕದಲ್ಲಿ ಕೂತು ನೋಡಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾ ಆ್ಯಪ್‌ನಲ್ಲಿ ಪಾಠ ನೋಡುತ್ತಿದ್ದ. ಪಾಠ ಮುಗಿದರೆ ಮುಗಿಯಿತು. ಆದರೆ ಅದೇ ಕೈ ಹಾಗೇ ಯೂಟ್ಯೂಬ್‌ಗೆ ಜಾರುತ್ತಿತ್ತು. ಅಲ್ಲಿ ಶಾರ್ಟ್ಸ್‌ಗೆ ಕೊನೆಯೇ ಇಲ್ಲ, ಒಂದಾದ ಮೇಲೆ ಒಂದು. ಮುಗಿಯದ್ದನ್ನು ನಡುವೆ ಕಿತ್ತುಕೊಂಡರೆ ಅಳದೆ ಇನ್ನೇನು ಮಾಡುತ್ತಾನೆ?

ಮೂಲೆ ಒಡೆದ ಹಳೇ ಮೊಬೈಲ್ ಒಂದು ಬೀರುವಿನಲ್ಲಿತ್ತು. ಸಿಮ್ ತೆಗೆದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ನನ್ನ ಹಾಟ್‌ಸ್ಪಾಟ್‌ನಿಂದ ದೀಕ್ಷಾ ಪಾಠ, ಒಂದೆರಡು ಒಳ್ಳೇ ವಿಡಿಯೋ ಡೌನ್‌ಲೋಡ್ ಮಾಡಿ ಇಡುತ್ತೇನೆ. ಇಬ್ಬರಿಗೂ ಸೇರಿ ಮೂರೋ ನಾಲ್ಕೋ, ಅಷ್ಟೇ. ನಡುಮನೆಯಲ್ಲೇ ಕೂತು ನೋಡಬೇಕು. ಪಟ್ಟಿ ಮುಗಿದರೆ ಅಲ್ಲಿಗೆ ಮುಗಿಯಿತು, ನಾನು ಕಿತ್ತುಕೊಳ್ಳಬೇಕಿಲ್ಲ. ಮೊದಲ ನಾಲ್ಕು ದಿನ ಮಗ ಮುಖ ಊದಿಸಿಕೊಂಡಿದ್ದ. ಆಮೇಲೆ "ನಾಳೆ ಇದನ್ನ ಹಾಕು" ಅಂತ ಚೀಟಿ ಬರೆದು ಕತ್ತರಿ ಕೆಳಗೆ ಇಡೋಕೆ ಶುರು ಮಾಡಿದ.

ಹಾಗೆ ಒಂದು ಚೀಟಿಯಲ್ಲಿ ಮಳೆನೀರು ಕೊಯ್ಲು ಅಂತಿತ್ತು. ನೋಡಿದ ಮೇಲೆ ಭಾನುವಾರ ಕೋಟೆಗೆ ಕರೆದುಕೊಂಡು ಹೋದೆವು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಂತೆ ಹೊಂಡಕ್ಕೆ ಬರುತ್ತದೆ ಅಂತ ಅವರಪ್ಪ ಹೇಳಿದರು. ಮಗ ನಂಬಲಿಲ್ಲ. ಬಾಟಲಿ ನೀರನ್ನು ಬಂಡೆ ಮೇಲೆ ಸುರಿದು, ಅದು ಹರಿದ ಕಡೆಗೆಲ್ಲ ತಾನೂ ಕುಕ್ಕರಗಾಲಲ್ಲಿ ತೆವಳಿದ. ಕುಡಿಯೋ ನೀರು ಖಾಲಿ, ನಮ್ಮ ಗಂಟಲು ಒಣಗಿತ್ತು. ಇಳಿಯುವಾಗ ಕೇಳಿದ: "ತರಕಾರಿ ತರೋಕೆ ಹೋಗುವಾಗ ಸಿಗುತ್ತಲ್ಲ ಸಂತೆ ಹೊಂಡ, ಅದಕ್ಕೆ ಈ ನೀರಾ?"

ಚಿಕ್ಕವಳಿಗೆ ಈಗ ನಾಲ್ಕು ವರ್ಷ. ಊಟದ ಹೊತ್ತಿನ ಮೊಬೈಲ್ ಬಿಡಿಸೋಕೆ ಎರಡು ತಿಂಗಳು ಹಿಡಿಯಿತು. ಅವಳಿಗಿಂತ ಜಾಸ್ತಿ ಕಷ್ಟವಾಗಿದ್ದು ಅತ್ತೆಗೆ. ಈಗ ಕಿಟಕಿಯಲ್ಲಿ ಕೂರಿಸಿ ಬೀದಿ ನಾಯಿಗಳ ಕಥೆ ಹೇಳುತ್ತಾ ತಿನ್ನಿಸುತ್ತಾರೆ. ತಟ್ಟೆ ಖಾಲಿಯಾಗೋಕೆ ಮುಕ್ಕಾಲು ಗಂಟೆ ಬೇಕು.

ನನ್ನ ಮೊಬೈಲೂ ರಾತ್ರಿ 8ರಿಂದ 9ರವರೆಗೆ ಮಷಿನ್ ಡ್ರಾಯರ್‌ನಲ್ಲಿ, ಬಾಬಿನ್‌ಗಳ ಜೊತೆ. ಆ ಹೊತ್ತಲ್ಲಿ ಫೋನ್ ಎತ್ತಲಿಲ್ಲ ಅಂತ ಒಬ್ಬ ಗಿರಾಕಿ ಬೇರೆ ಟೈಲರ್ ಹತ್ತಿರ ಹೋದರು. ಮಗನಂತೂ ಮೊನ್ನೆ ಪಕ್ಕದ ಮನೆಯಿಂದ ಬಂದವನೇ, "ಅಮ್ಮ, ಆಂಟಿ ಮೊಬೈಲ್‌ನಲ್ಲಿ ನೆಟ್ ಇದೆ" ಅಂದ, ಭಾರೀ ಗುಟ್ಟು ಹೇಳುವವನ ಹಾಗೆ.