ಅಪ್ಪನ ಪಿಎಸ್ಎ ಮತ್ತು ಡ್ಯಾಮಿನ ಒಳಹರಿವು

ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಗಿ ಮೂರು ವರ್ಷ ದಾಟಿತ್ತು. ಪ್ರತಿ ಸಲ ರಕ್ತಪರೀಕ್ಷೆಯಲ್ಲಿ ಪಿಎಸ್ಎ, ಅಂದರೆ ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಪ್ರೋಟೀನ್, ಇಲ್ಲವೆನ್ನುವಷ್ಟು ಕಡಿಮೆ ಬರುತ್ತಿತ್ತು. ಕಳೆದ ವರ್ಷ ಗಂಗಾವತಿಯ ಲ್ಯಾಬಿನಿಂದ ನನ್ನ ಮೊಬೈಲಿಗೆ ಬಂದ ರಿಪೋರ್ಟಿನಲ್ಲಿ 0.09 ಅಂತ ಇತ್ತು. ಪಕ್ಕದಲ್ಲಿ, 4ರೊಳಗಿದ್ದರೆ ನಾರ್ಮಲ್ ಅಂತ ಬರೆದಿತ್ತು. ಆ 4ರ ಲೆಕ್ಕ ಗ್ರಂಥಿ ಇರುವವರಿಗೆ, ಗ್ರಂಥಿಯನ್ನೇ ತೆಗೆಸಿಕೊಂಡವರಿಗಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ "ನಾರ್ಮಲ್ ಐತಿ ಅಪ್ಪಾ" ಅಂದುಬಿಟ್ಟೆ.

ಮೂರು ತಿಂಗಳಾದ ಮೇಲೆ ಕೊಪ್ಪಳದಲ್ಲಿ ಮಾಡಿಸಿದಾಗ 0.14. ಆಗಲೂ ಹೇಳಲಿಲ್ಲ. ರಾತ್ರಿ ಮಾಳಿಗೆ ಮೇಲೆ ಹೋಗಿ ಹುಬ್ಬಳ್ಳಿಯ ಅಕ್ಕನ ಜೊತೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದೆ. ಅವ್ವ ಏನೂ ಕೇಳಲಿಲ್ಲ. ಸುಮ್ನೆ ಅಪ್ಪನ ತಾಟಿಗೆ ಒಂದು ರೊಟ್ಟಿ ಜಾಸ್ತಿ ಹಾಕಲು ಶುರುಮಾಡಿದಳು.

ಅಪ್ಪ ಎಡದಂಡೆ ಕಾಲುವೆ ನೀರಿನಲ್ಲಿ ನಲವತ್ತು ವರ್ಷ ಭತ್ತ ಬೆಳೆದವರು. ಮಳೆಗಾಲದಲ್ಲಿ ಪೇಪರ್ ಬಂದರೆ ಮೊದಲು ನೋಡುವುದು ತುಂಗಭದ್ರಾ ಡ್ಯಾಮಿನ ಮಟ್ಟ. 1,633 ಅಡಿ ತುಂಬಲು ಇನ್ನೆಷ್ಟು ಬೇಕು, ಒಳಹರಿವು ಎಷ್ಟು ಕ್ಯೂಸೆಕ್, ಎಲ್ಲಾ ಬಾಯಲ್ಲೇ ಇರುತ್ತದೆ. ಒಂದು ಬೆಳಿಗ್ಗೆ ಪೇಪರಿನಿಂದ ತಲೆ ಎತ್ತದೆ, "ನಂದು ಎಷ್ಟೈತಿ?" ಅಂದರು.

ಎರಡೂ ಅಂಕಿ ಹೇಳಿದೆ. ಜೇಬಿನಿಂದ ಪೆನ್ನು ತೆಗೆದು ಪೇಪರಿನ ಅಂಚಿನಲ್ಲಿ ಒಂದರ ಕೆಳಗೊಂದು ಬರೆದುಕೊಂಡರು. "ಬರೇ ಮಟ್ಟ ನೋಡಿದ್ರ ತಿಳಿಯಂಗಿಲ್ಲ. ಒಳಹರಿವು ಎಷ್ಟೈತಿ ಅಂತ ಡಾಕ್ಟರ್ನ ಕೇಳೋಣ ನಡಿ."

ಬೆಂಗಳೂರಿನಲ್ಲಿ ಡಾಕ್ಟರ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಗ್ರಂಥಿ ತೆಗೆದ ಮೇಲೆ ಪಿಎಸ್ಎ 0.2 ಮುಟ್ಟಿ, ಇನ್ನೊಂದು ಪರೀಕ್ಷೆಯಲ್ಲೂ ಅಷ್ಟೇ ಅಥವಾ ಜಾಸ್ತಿ ಬಂದರೆ ಕಾಯಿಲೆ ಮರಳಿದೆ ಅಂತ ಲೆಕ್ಕ. ಎಷ್ಟು ತಿಂಗಳಿಗೆ ದುಪ್ಪಟ್ಟಾಗುತ್ತಿದೆ ಅನ್ನುವುದೂ ಮುಖ್ಯ. ಆದರೆ ನಮ್ಮ ಎರಡು ಅಂಕಿ ಎರಡು ಬೇರೆ ಲ್ಯಾಬಿನವು. ಯಂತ್ರ ಬದಲಾದರೆ ಅಂಕಿಯೂ ಸ್ವಲ್ಪ ಆಚೀಚೆ ಆಗುತ್ತದಂತೆ. ಇನ್ನು ಮುಂದೆ ಒಂದೇ ಲ್ಯಾಬ್ ಅಂತ ಅಲ್ಲೇ ಗಟ್ಟಿ ಮಾಡಿಕೊಂಡೆವು.

ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಡಾಕ್ಟರ್ ಎದುರು ಕೂತರೆ ಅರ್ಧ ಮರೆತೇಹೋಗುತ್ತದೆ, ಅಲ್ವಾ? ಸ್ಕ್ಯಾನ್ ಈಗಲೇ ಬೇಕಾ ಅಂತ ಕೇಳಿದೆ. ಇಷ್ಟು ಕಡಿಮೆ ಪಿಎಸ್ಎ ಇರುವಾಗ ಪೆಟ್ ಸ್ಕ್ಯಾನಿನಲ್ಲೂ ಏನೂ ಕಾಣಿಸದೆ ಇರಬಹುದು ಅಂದರು. ಮರಳಿದ್ದೇ ಆದರೆ ರೇಡಿಯೇಷನ್ ಇದೆ, ಪಿಎಸ್ಎ ಕಡಿಮೆ ಇರುವಾಗಲೇ ಶುರುಮಾಡಿದರೆ ಫಲ ಜಾಸ್ತಿ ಅಂದರು. ಮುಂದೆ ಒಂದು ದಾರಿ ಇದೆ ಅಂತ ಅಪ್ಪ ತಮ್ಮ ಕಿವಿಯಾರೆ ಕೇಳಿಸಿಕೊಂಡರು. ಅವತ್ತು ರಾತ್ರಿ ರೈಲಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದರು.

ಸಂಬಂಧಿಕರು ಲಕ್ಷ್ಮಣಫಲದ ಎಲೆ ಕುದಿಸಿ ಕುಡಿಸಿ ಅಂತ ಹೇಳುತ್ತಲೇ ಇದ್ದಾರೆ. ಡಾಕ್ಟರನ್ನು ಕೇಳದೆ ಏನೂ ಕೊಡುವುದಿಲ್ಲ ಅಂತ ಕೈಮುಗಿದು ಹೇಳಿದ್ದೇನೆ.

ಆಮೇಲಿನ ಪರೀಕ್ಷೆಯಲ್ಲಿ 0.13 ಬಂತು. ತಾರೀಖು, ಲ್ಯಾಬು, ಅಂಕಿ ಎಲ್ಲಾ ಅಪ್ಪನೇ ಭತ್ತದ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆಯುತ್ತಾರೆ. ಮುಂದಿನದು ಬರುವ ತಿಂಗಳು. ಪಿಎಸ್ಎಗೆ ಖಾಲಿ ಹೊಟ್ಟೆ ಬೇಕಿಲ್ಲ, ಹಾಗಾಗಿ ಮೊದಲು ಒಗ್ಗರಣೆ ಮಿರ್ಚಿ ತಿಂದು ಆಮೇಲೆ ರಕ್ತ ಕೊಡಲು ಹೋಗುತ್ತೇವೆ. ರಿಪೋರ್ಟ್ ಈಗ ಅಪ್ಪನ ಮೊಬೈಲಿಗೇ ಬರುತ್ತದೆ.