ಆರ್ಡುಯಿನೋ ವರ್ಕ್‌ಶಾಪ್ ಮಾಡ್ತೀರಾ? ಪಿಪಿಟಿ ಬಿಡಿ, ಮೊದ್ಲು ಕೇಬಲ್ ಚೆಕ್ ಮಾಡಿ

ಕಾಲೇಜಲ್ಲೋ ಊರಿನ ಲೈಬ್ರರಿ ಹಾಲಲ್ಲೋ ಆರ್ಡುಯಿನೋ (ಕೋಡ್ ಬರೆದು ಲೈಟು, ಸೆನ್ಸರ್ ಆಡಿಸೋ ಪುಟ್ಟ ಬೋರ್ಡು) ಇಟ್ಕೊಂಡು ಒಂದು ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪ್ ಮಾಡೋಣ ಅಂತ ಹೊರಟವರು ಮೊದಲು ಕೂತ್ಕೊಂಡು ಮಾಡೋದು ಪಿಪಿಟಿ. ಅದು ಇಲ್ದೇ ಇದ್ರೂ ನಡೆಯುತ್ತೆ. ಓಮ್ಸ್ ಲಾ ಪರದೆ ಮೇಲೆ ನೋಡೋಕೆ ಯಾರೂ ಭಾನುವಾರ ಬೆಳಗ್ಗೆ ಎದ್ದು ಬರಲ್ಲ. ಬಂದವರು ಕೂತ ಅರ್ಧ ಗಂಟೆ ಒಳಗೆ ತಮ್ಮ ಕೈಯಾರೆ ಒಂದು ಎಲ್ಇಡಿ ಮಿನುಗಿಸಬೇಕು, ನಿಮ್ಮ ಪ್ಲಾನ್ ಪೂರ್ತಿ ಇದಕ್ಕೋಸ್ಕರ ಇರ್ಲಿ, ಮಿಕ್ಕಿದ್ದು ಆಮೇಲೆ.

ಆ ಅರ್ಧ ಗಂಟೆ ಹಾಳಾಗೋದು ಸರ್ಕ್ಯೂಟಿಂದ ಅಲ್ಲ, ಕೇಬಲ್ಲು ಮತ್ತೆ ಡ್ರೈವರಿಂದ. ಊನೋ ಅನ್ನೋ ಆರ್ಡುಯಿನೋ ಮಾಡೆಲ್ಲಿನ ಕ್ಲೋನ್ (ಬೇರೆ ಕಂಪನಿಯ ನಕಲು) ಬೋರ್ಡುಗಳಲ್ಲಿ ಯುಎಸ್‌ಬಿಗೆ ಸಾಮಾನ್ಯವಾಗಿ ಸಿಎಚ್340 ಅನ್ನೋ ಚಿಪ್ ಇರುತ್ತೆ, ವಿಂಡೋಸಲ್ಲಿ ಅದರ ಡ್ರೈವರ್ ಇಲ್ಲ ಅಂದ್ರೆ ಪೋರ್ಟ್ ಲಿಸ್ಟಲ್ಲಿ ಬೋರ್ಡೇ ಕಾಣಲ್ಲ. ಡ್ರೈವರ್ ಇದ್ದೂ ಕಾಣ್ತಿಲ್ವಾ, ಆಗ ಕೇಬಲ್ ನೋಡಿ. ಕೆಲವು ಕೇಬಲ್ ಬರೀ ಚಾರ್ಜಿಂಗ್‌ಗೆ ಮಾತ್ರ, ಒಳಗೆ ಡೇಟಾ ವೈರೇ ಇರಲ್ಲ, ಬೋರ್ಡಿನ ಪವರ್ ಲೈಟ್ ಮಾತ್ರ ಜೋರಾಗಿ ಉರೀತಿರುತ್ತೆ, ಹುಡುಗರು ಬೋರ್ಡೇ ಕೆಟ್ಟಿದೆ ಅಂತ ತಂದು ಕೊಡ್ತಾರೆ. ನ್ಯಾನೋ, ಇಎಸ್‌ಪಿ32 ತರದ ಬೇರೆ ಬೋರ್ಡು ತಗೊಂಡ್ರೆ ಈ ಕಾಟ ಜಾಸ್ತಿ, ಯಾಕಂದ್ರೆ ಅವಕ್ಕೆ ಫೋನ್ ಕೇಬಲ್ ತರದ್ದೇ ಹಾಕ್ತೀವಿ. ಹಿಂದಿನ ದಿನವೇ ಒಂದು ಲ್ಯಾಪ್‌ಟಾಪ್ ಇಟ್ಕೊಂಡು ಪ್ರತಿ ಬೋರ್ಡನ್ನೂ ಅದರದ್ದೇ ಕೇಬಲ್ ಜೊತೆ ಹಾಕಿ ಬ್ಲಿಂಕ್ (ಲೈಟ್ ಮಿನುಗಿಸೋ ರೆಡಿ ಕೋಡ್) ಅಪ್‌ಲೋಡ್ ಮಾಡಿ, ಪಾಸಾದ ಜೋಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ಇಡಿ. ಬೋರಿಂಗ್ ಕೆಲಸ, ಆದ್ರೆ ಇಡೀ ತಯಾರಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಹಾಲಿನ ವೈಫೈ ನಂಬ್ಕೋಬೇಡಿ. ಮೂವತ್ತು ಜನ ಒಟ್ಟಿಗೆ ಡೌನ್‌ಲೋಡ್ ಒತ್ತಿದ್ರೆ ಊಟದ ಹೊತ್ತಿಗೂ ಮುಗಿಯಲ್ಲ. ಆರ್ಡುಯಿನೋ ಐಡಿಇ (ಕೋಡ್ ಬರೆದು ಬೋರ್ಡಿಗೆ ಕಳಿಸೋ ಸಾಫ್ಟ್‌ವೇರ್), ಸಿಎಚ್340 ಡ್ರೈವರ್ ಎರಡನ್ನೂ ನಾಲ್ಕೈದು ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗಿ. ಹೊಸ ಐಡಿಇ 2 ಹಳೇ ಲ್ಯಾಪ್‌ಟಾಪಲ್ಲಿ ತೆವಳುತ್ತೆ, ವಿಂಡೋಸ್ 7 ಇಟ್ಕೊಂಡವರೂ ಒಬ್ಬಿಬ್ರು ಬಂದೇ ಬರ್ತಾರೆ, ಅವರಿಗೆ ಹಳೇ ಐಡಿಇ 1.8.19 ಕೂಡ ಇರ್ಲಿ. ಲಿನಕ್ಸ್ ಹುಡುಗರಿಗೆ ಪೋರ್ಟ್ ಪರ್ಮಿಷನ್ ಎರರ್ ಬಂದ್ರೆ ಡಯಲ್‌ಔಟ್ ಗ್ರೂಪಿಗೆ ಸೇರ್ಸಿ ಲಾಗೌಟ್ ಲಾಗಿನ್ ಮಾಡ್ಸಿ, ಸಾಕು. ಇಎಸ್‌ಪಿ32 ಮೊದಲ ವರ್ಕ್‌ಶಾಪಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ, ಒಳ್ಳೇ ಚಿಪ್ಪೇ, ಆದ್ರೆ ಅದಕ್ಕೋಸ್ಕರ ಐಡಿಇಗೆ ಹಾಕಬೇಕಾದ ಬೋರ್ಡ್ ಪ್ಯಾಕೇಜು ನೂರಾರು ಎಂಬಿ, ಜೊತೆಗೆ ಅದು 3.3 ವೋಲ್ಟಿಂದು, ಪಿನ್ನಿಗೆ 5 ವೋಲ್ಟ್ ಕೊಟ್ರೆ ಹಾಳಾಗ್ಬಹುದು. ಊನೋ ಗಟ್ಟಿಮುಟ್ಟು, ಹೊಸಬರ ಕೈಗೆ ಅದೇ ಸರಿ.

ಸಾಮಾನು ಬೆಂಗಳೂರಲ್ಲಾದ್ರೆ ಎಸ್‌ಪಿ ರೋಡು, ವಾರದ ದಿನ ಹೋಗಿ, ಭಾನುವಾರ ಸುಮಾರು ಅಂಗಡಿ ಬಾಗಿಲು ಹಾಕಿರುತ್ತೆ. ಬೇರೆ ಊರಿನವರು ಆನ್‌ಲೈನಲ್ಲಿ ತರ್ಸೋದಾದ್ರೆ ಎರಡು ವಾರ ಮುಂಚೆನೇ ಆರ್ಡರ್ ಹಾಕಿ, ಟೆಸ್ಟ್ ಮಾಡೋಕೂ ಟೈಮ್ ಬೇಕಲ್ಲ. ಇಬ್ಬರಿಗೆ ಒಂದು ಕಿಟ್ ಸಾಕು, ಮೂವರಾದ್ರೆ ಒಬ್ಬ ಫೋನ್ ನೋಡ್ಕೊಂಡು ಕೂರ್ತಾನೆ. ಬಝರ್ ತಗೊಳ್ಳೋವಾಗ ಆಕ್ಟಿವ್ ಅಂತ ಕೇಳಿ ತಗೊಳ್ಳಿ, ಪಿನ್ ಹೈ ಮಾಡಿದ್ರೆ ಸಾಕು ಕಿರುಚುತ್ತೆ, ಪ್ಯಾಸಿವ್‌ದಾದ್ರೆ ಟೋನ್ ಕೋಡ್ ಬರೀಬೇಕು. ರೆಸಿಸ್ಟರ್ (ಕರೆಂಟ್ ತಡೆಯೋ ಪುಟ್ಟ ಭಾಗ) ಎರಡೇ ವ್ಯಾಲ್ಯೂ ಸಾಕು, 220 ಓಮ್ ಮತ್ತೆ 10ಕೆ, ಅಂದ್ರೆ 10,000 ಓಮ್, ಎರಡನ್ನೂ ಬೇರೆ ಬೇರೆ ಕವರಲ್ಲಿ ಹಾಕಿ ಮೇಲೆ ಮಾರ್ಕರಲ್ಲಿ ಬರೀರಿ. ಪುಸ್ತಕದಲ್ಲಿ 220 ಅಂದ್ರೆ ಕೆಂಪು ಕೆಂಪು ಕಂದು ಅಂತ ಓದಿರ್ತಾರೆ, ಕೈಗೆ ಸಿಗೋದು ಐದು ಪಟ್ಟಿಯ ನೀಲಿ ರೆಸಿಸ್ಟರು, ಅದ್ರಲ್ಲಿ ಕೆಂಪು ಕೆಂಪು ಕಪ್ಪು ಕಪ್ಪು ಕಂದು, ಆ ಕಂದು ಕೆಂಪು ಬಣ್ಣಗಳೂ ಟ್ಯೂಬ್‌ಲೈಟ್ ಬೆಳಕಲ್ಲಿ ಒಂದೇ ತರ ಕಾಣುತ್ತೆ. ಡೌಟ್ ಇದ್ರೆ ಮಲ್ಟಿಮೀಟರಲ್ಲಿ ನೋಡೋಕೆ ಹೇಳಿ, ಮೀಟರ್ ಹಿಡಿಯೋದೂ ಕಲ್ತಂಗಾಗುತ್ತೆ.

ಈಗ ಕಲಿಸೋ ವಿಷ್ಯ. ಎಲ್ಲರೂ ಎಡವೋದು ಬೆಸುಗೆ ಇಲ್ದೆ ವೈರ್ ಚುಚ್ಚಿ ಸರ್ಕ್ಯೂಟ್ ಕಟ್ಟೋ ತೂತಿನ ಹಲಗೆ, ಅಂದ್ರೆ ಬ್ರೆಡ್‌ಬೋರ್ಡಲ್ಲಿ, ಹಾಗಾಗಿ ಇಲ್ಲಿ ಅವಸರ ಬೇಡ. ಒಂದು ಹಳೇ ಬ್ರೆಡ್‌ಬೋರ್ಡಿನ ಹಿಂದಿನ ಸ್ಟಿಕ್ಕರ್ ಕಿತ್ತು ಒಳಗಿನ ಲೋಹದ ಪಟ್ಟಿ ಕಾಣೋ ಹಾಗೆ ಕೈಯಿಂದ ಕೈಗೆ ದಾಟಿಸಿ. ಐದೈದು ತೂತು ಒಂದೊಂದು ಪಟ್ಟಿ, ನಡುವಿನ ಕಾಲುವೆ ದಾಟಿದ್ರೆ ಕನೆಕ್ಷನ್ ಇಲ್ಲ, ಪಕ್ಕದ ಉದ್ದ ಸಾಲು ಪವರಿಗೆ, ಇಷ್ಟನ್ನ ಕಣ್ಣಲ್ಲಿ ನೋಡಿದವರು ಎಲ್ಇಡಿಯ ಎರಡೂ ಕಾಲನ್ನ ಒಂದೇ ಪಟ್ಟಿಗೆ ಚುಚ್ಚಲ್ಲ. ಇನ್ನೊಂದು, ಕೆಲವು ದೊಡ್ಡ ಬ್ರೆಡ್‌ಬೋರ್ಡಲ್ಲಿ ಆ ಉದ್ದ ಸಾಲು ಮಧ್ಯದಲ್ಲಿ ಕಟ್ ಆಗಿರುತ್ತೆ, ಮೇಲಿನ ಕೆಂಪು ಗೆರೆ ಅಲ್ಲಿ ಬಿಟ್ಟುಹೋಗಿದ್ಯಾ ನೋಡಿ, ಮೀಟರನ್ನ ಬೀಪ್ ಮೋಡಿಗಿಟ್ಟು ಒಂದ್ಸಲ ಚೆಕ್ ಮಾಡಿ.

ಆಮೇಲೆ ಬ್ಲಿಂಕ್. ಮೊದಲು ಬೋರ್ಡಲ್ಲೇ ಇರೋ 13ನೇ ಪಿನ್ನಿನ ಲೈಟು, ಆಮೇಲೆ ಹೊರಗಿನ ಎಲ್ಇಡಿ. ರೆಸಿಸ್ಟರ್ ಯಾಕೆ ಅಂತ ಕೇಳಿದವರಿಗೆ ಅಲ್ಲೇ ಲೆಕ್ಕ ಹಾಕಿ ತೋರ್ಸಿ: ಕೆಂಪು ಎಲ್ಇಡಿ ಸುಮಾರು 2 ವೋಲ್ಟ್ ತಗೊಳ್ಳುತ್ತೆ, 5ರಲ್ಲಿ ಉಳಿದದ್ದು 3, ಅದನ್ನ 220ರಿಂದ ಭಾಗಿಸಿದ್ರೆ 13-14 ಮಿಲಿಆಂಪ್, ಊನೋ ಪಿನ್ನಿಂದ 20 ದಾಟದೇ ಇದ್ರೆ ಒಳ್ಳೇದು. ಓಮ್ಸ್ ಲಾ ಪಾಠ ಮುಗೀತು! ಕೋಡಿನ ಡಿಲೇಯಲ್ಲಿ (ಎಷ್ಟು ಮಿಲಿಸೆಕೆಂಡ್ ಕಾಯಬೇಕು ಅನ್ನೋದು) 1000 ತೆಗೆದು 100 ಹಾಕ್ಸಿ, 10 ಹಾಕ್ಸಿ, 10ಕ್ಕೆ ಲೈಟು ಮಿನುಗೋದೇ ಕಾಣಲ್ಲ, ಯಾಕೆ ಅಂತ ಅವರವರಲ್ಲೇ ಜಗಳ ಶುರುವಾಗುತ್ತೆ. ಬಿಡಿ, ಮಧ್ಯೆ ಹೋಗಬೇಡಿ.

ಮಧ್ಯಾಹ್ನದ ಪ್ರಾಜೆಕ್ಟಿಗೆ ನನ್ನ ಓಟು ಟ್ಯಾಂಕ್ ಅಲಾರಮ್ಮಿಗೆ. ಮೋಟರ್ ಆನ್ ಮಾಡಿ ಮರೆತು ಓವರ್‌ಹೆಡ್ ಟ್ಯಾಂಕು ತುಂಬಿ ಸುರಿದು ಮನೇಲಿ ಬೈಸ್ಕೊಳ್ಳದವರು ಯಾರಿದಾರೆ ಹೇಳಿ. ಟ್ಯಾಂಕಿನ ಬದಲು ಒಂದು ಲೋಟ ನೀರು, ತುದಿ ಸುಲಿದ ಎರಡು ವೈರು. ಒಂದು 5 ವೋಲ್ಟಿಗೆ, ಇನ್ನೊಂದು ಎ0 ಪಿನ್ನಿಗೆ, ಎ0ಯಿಂದ ಗ್ರೌಂಡಿಗೆ 10ಕೆ ರೆಸಿಸ್ಟರ್. ವೈರುಗಳು ಒಂದಕ್ಕೊಂದು ತಾಗಬಾರ್ದು ಅನ್ನೋದನ್ನ ಮೊದಲೇ ಹೇಳಿಬಿಡಿ. ಐಡಿಇಯ ಸೀರಿಯಲ್ ಮಾನಿಟರಲ್ಲಿ (ಬೋರ್ಡು ಕಳಿಸಿದ್ದು ಕಾಣೋ ವಿಂಡೋ) 0ಯಿಂದ 1023ರ ನಡುವೆ ನಂಬರ್ ಬರುತ್ತೆ, ವೈರ್ ಗಾಳಿಯಲ್ಲಿದ್ರೆ ಸೊನ್ನೆ ಹತ್ತಿರ, ನೀರಿಗೆ ಇಳಿಸಿದ್ರೆ ಏರುತ್ತೆ, ಚಿಟಿಕೆ ಉಪ್ಪು ಹಾಕಿದ್ರೆ ಇನ್ನೂ ಏರುತ್ತೆ. ಬೋರ್‌ವೆಲ್ ನೀರಿಗೂ ಫಿಲ್ಟರ್ ನೀರಿಗೂ ನಂಬರ್ ಬೇರೆ, ಹಾಗಾಗಿ ಎಷ್ಟು ದಾಟಿದ್ರೆ ಬಝರ್ ಹೊಡೀಬೇಕು ಅನ್ನೋದನ್ನ ನೀವು ಹೇಳಬೇಡಿ, ಅವರವರ ಲೋಟ ನೋಡಿ ಅವರೇ ಇಟ್ಕೊಳ್ಳಲಿ. ಮಾನಿಟರಲ್ಲಿ ಚಿತ್ರವಿಚಿತ್ರ ಅಕ್ಷರ ಬಂದ್ರೆ ಬಾಡ್ ರೇಟ್ (ಡೇಟಾ ಕಳಿಸೋ ವೇಗ) ಕೋಡಿಗೂ ಮಾನಿಟರಿಗೂ ಮ್ಯಾಚ್ ಆಗಿಲ್ಲ ಅಂತ. ಇದನ್ನೇ ಮನೆ ಟ್ಯಾಂಕಿಗೆ ಖಾಯಂ ಹಾಕ್ತೀವಿ ಅನ್ನೋ ಉತ್ಸಾಹಿಗಳಿಗೆ, ಸದಾ ಕರೆಂಟ್ ಹರೀತಿದ್ರೆ ವೈರಿನ ತುದಿ ಬೇಗ ತುಕ್ಕು ಹಿಡಿದು ಸವೆದುಹೋಗುತ್ತೆ, ಓದೋ ಕ್ಷಣ ಮಾತ್ರ ಪವರ್ ಕೊಡಿ ಅಂತ ಹೇಳಿ. ಲೋಟ ಲ್ಯಾಪ್‌ಟಾಪಿಂದ ದೂರ ಇರ್ಲಿ, ಅದನ್ನೂ ಹೇಳಬೇಕಾ ಅನ್ಸುತ್ತೆ, ಹೇಳಬೇಕು.

ರಿಲೇ (ಬೋರ್ಡಿಂದ ಆಡಿಸೋ ಸ್ವಿಚ್) ಹಾಕಿ ಮೋಟರ್ರೇ ಆಫ್ ಮಾಡ್ಸೋಣ ಸಾರ್ ಅಂತ ಒಬ್ಬ ಕೇಳೇ ಕೇಳ್ತಾನೆ. 230 ವೋಲ್ಟು ಬಿಗಿನರ್ ಟೇಬಲ್ ಮೇಲೆ ಬರೋ ಹಾಗೇ ಇಲ್ಲ, ಇದರಲ್ಲಿ ಚರ್ಚೆ ಬೇಡ.

ಹತ್ತು ಜನಕ್ಕೆ ಒಬ್ಬ ಹೆಲ್ಪರ್ ಇರಬೇಕು. ಹೆಲ್ಪರ್‌ಗಳಿಗೆ ಒಂದೇ ರೂಲು, ಕೈ ಬೆನ್ನ ಹಿಂದೆ. ನಾನೇ ಸರಿ ಮಾಡ್ಕೊಡ್ತೀನಿ ಅಂತ ವೈರ್ ಕಿತ್ತು ಚುಚ್ಚೋ ಸೀನಿಯರ್ ಇದ್ರೆ ಅವರನ್ನ ಚಹಾ ವ್ಯವಸ್ಥೆಗೆ ಹಾಕಿ. ಗ್ರೌಂಡ್ ಎಲ್ಲಿಗೆ ಹೋಗಿದೆ ತೋರ್ಸು ಅಂತ ಕೇಳಿದ್ರೆ ಅರ್ಧ ಪ್ರಾಬ್ಲಂ ಅವರೇ ಬೆರಳಿಟ್ಟು ಹುಡುಕ್ತಾರೆ. ಮಾತೆಲ್ಲ ಕನ್ನಡದಲ್ಲೇ ಇರ್ಲಿ, ಇಂಗ್ಲಿಷಲ್ಲಿ ಡೌಟ್ ಇದ್ಯಾ ಅಂದಾಗ ಸುಮ್ನಿದ್ದವರೇ ಕನ್ನಡದಲ್ಲಿ ಕೇಳಿದ್ರೆ ಸಾಲಾಗಿ ಕೇಳ್ತಾರೆ.

ಕರೆಂಟ್ ಹೋಗುತ್ತೆ, ಲ್ಯಾಪ್‌ಟಾಪ್ ಫುಲ್ ಚಾರ್ಜ್ ಮಾಡ್ಕೊಂಡು ಬನ್ನಿ ಅಂತ ಮೆಸೇಜ್ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡು ನೀವೇ ತನ್ನಿ. ಕಿಟ್ ವಾಪಸ್ ತಗೊಳ್ಳೋವಾಗ ಲಿಡ್ಡಿನ ಒಳಗೆ ಅಂಟಿಸಿದ ಲಿಸ್ಟ್ ನೋಡಿ ಅವರ ಕೈಲೇ ಎಣಿಸಿ ಹಾಕ್ಸಿ, ಪಿನ್ ಲೂಸಾದ ಜಂಪರ್ ವೈರು ಸಿಕ್ರೆ ವಾಪಸ್ ಡಬ್ಬಕ್ಕೆ ಹಾಕದೆ ಅವತ್ತೇ ಕತ್ತರಿಸಿ ಬಿಸಾಕಿ, ಇಲ್ಲಾಂದ್ರೆ ಮುಂದಿನ ಬ್ಯಾಚಿನವರು ಅದೇ ವೈರ್ ಇಟ್ಕೊಂಡು ಒಂದು ಗಂಟೆ ಕೋಡಲ್ಲಿ ತಪ್ಪು ಹುಡುಕ್ತಾ ಕೂರ್ತಾರೆ.